ಖಾರದ ಸಾಸಿಗೆ ಹೊಂದುವ ಬಾಟಲಿ ಸಿಕ್ಕಿದ ಬಗೆ

ಮೈಸೂರಿನ ನಮ್ಮ ಮನೆಯಲ್ಲಿ ಬ್ಯಾಡಗಿ ಮತ್ತು ಗುಂಟೂರು ಮೆಣಸಿನಕಾಯಿ, ಬೆಳ್ಳುಳ್ಳಿ, ವಿನಿಗರ್ ಸೇರಿಸಿ ತಯಾರಿಸುವ ಸಾಸನ್ನು, ಬೆಲೆ ಕಡಿಮೆಯೆಂಬ ಕಾರಣಕ್ಕೆ, ಮೊದಲು ಪೆಟ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿಗಳಿಗೆ ತುಂಬಿದೆ. ಸಾಮಾನ್ಯ ಪೆಟ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. 85 ಡಿಗ್ರಿಯ ಸಾಸು ಬಿದ್ದೊಡನೆ ಬಾಟಲಿಯ ಸೊಂಟ ಒಳಕ್ಕೆ ಕುಸಿದು ಲೇಬಲ್ ಸುಕ್ಕುಗಟ್ಟಿತು.

ಗಾಜಿಗೆ ಬದಲಾಯಿಸಿದ ಮೇಲೆ ತೊಂದರೆ ಮುಚ್ಚಳದಲ್ಲಿ ಕಾಣಿಸಿತು. ಮೂರು ವಾರಗಳ ನಂತರ ಒಂದನ್ನು ತೆರೆದಾಗ, ತಗಡಿನ ಮುಚ್ಚಳದ ಒಳಗೆ ಲೇಪನ ಗೀರಿದ್ದ ಕಡೆ ಉಗುರಿನಷ್ಟು ಉದ್ದದ ಕಂದು ತುಕ್ಕಿನ ಗೆರೆ ಮೂಡಿತ್ತು. ವಿನಿಗರಿನ ಆಮ್ಲ ಬರಿಯ ತಗಡನ್ನು ತಿನ್ನುತ್ತದೆ. ಜನರು ಬಾಯಿಗಿಡುವ ಪದಾರ್ಥವಾದ್ದರಿಂದ ಆ ಸಲ ಮಾಡಿದ ಅಷ್ಟನ್ನೂ ಮಾರದೆ ಉಳಿಸಿಕೊಂಡೆ.

ಈಗ ತೆಳುವಾದ ಸಾಸಿಗೆ 150 ಮಿಲಿಲೀಟರಿನ ಕಿರಿದಾದ ಕತ್ತಿನ ಗಾಜಿನ ಬಾಟಲಿಯನ್ನೂ ಒಳಪದರವಿರುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಮುಚ್ಚಳವನ್ನೂ ಬಳಸುತ್ತೇನೆ; ಬೀಜವಿರುವ ಗಟ್ಟಿ ಸಾಸು ಆ ಕತ್ತಿನಲ್ಲಿ ಸಿಕ್ಕಿಕೊಳ್ಳುವುದರಿಂದ ಅದಕ್ಕೆ ಅಗಲ ಬಾಯಿಯ ಜಾಡಿಯೇ ಸರಿ. ತಣ್ಣನೆಯ ಗಾಜು ಬಿಸಿ ಸಾಸಿಗೆ ಸೀಳಬಹುದೆಂದು ಬಾಟಲಿಗಳನ್ನು ಮೊದಲೇ ಬಿಸಿಮಾಡಿಟ್ಟು, ಸಾಸಿನ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 4ಕ್ಕಿಂತ ಕೆಳಗಿರುವುದನ್ನು ಮೀಟರಿನಲ್ಲಿ ಖಚಿತಪಡಿಸಿಕೊಂಡು ತುಂಬಿ, ಮುಚ್ಚಿದೊಡನೆ ಮೂರು ನಿಮಿಷ ಬೋರಲು ಹಾಕುತ್ತೇನೆ.