ಹಳೇ ಬೀರು, ಹೊಸ ಸೋಫಾ: ಕೊಳ್ಳುವ ಮೊದಲು ಬಗ್ಗಿ ನೋಡಿ

ಹೊಸ ಫ್ಲ್ಯಾಟು, ಗೃಹಪ್ರವೇಶಕ್ಕೆ ಇನ್ನು ಹದಿನೈದು ದಿನ, ಫೋನಿನಲ್ಲಿ ಒಂದು ಚಂದದ ಫೋಟೊ. ಅಷ್ಟು ಸಾಕು, 'ಆಂಟಿಕ್' ಬೀರು ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ನನ್ನ ಗೆಳತಿಯ ಮನೆಯಲ್ಲಿ ಅದು ಲಿಫ್ಟಿಗೆ ಹಿಡಿಸಲಿಲ್ಲ. ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಹೊಸ ಗೋಡೆಯ ಮೂಲೆ ಕಿತ್ತುಬಂತು. ಇನ್ನೊಬ್ಬರ ಮನೆಯಲ್ಲಿ ಮೂರೇ ತಿಂಗಳಿಗೆ ಬೀರುವಿನ ಕಾಲಬುಡದಲ್ಲಿ ಹಿಟ್ಟಿನಂಥ ಪುಡಿ ಬೀಳತೊಡಗಿತು. ಇನ್ನು ನಮ್ಮನೆಯದು. ಬೀಟೆ ಅಂತ ದುಡ್ಡು ಸುರಿದು ತಂದ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅಡಿಯಲ್ಲಿದ್ದದ್ದು ಯಾವುದೋ ಬಿಳಿ ಮರ.

ಅದಕ್ಕೇ ಈ ಲೇಖನ.

ಹೆಜ್ಜೆ 1: ಒಂದು ವಾರ ಮನೆಯವರನ್ನು ಗಮನಿಸಿ

ನಿಮ್ಮ ವ್ಯಕ್ತಿತ್ವ ರಾಯಲ್ಲಾ, ಮಿನಿಮಲ್ಲಾ ಎಂದು ಕೇಳುವ ಪ್ರಶ್ನೆಪಟ್ಟಿಗಳನ್ನು ನಂಬಬೇಡಿ. ಯಾರು ಎಲ್ಲಿ ಕೂರುತ್ತಾರೆ ಅಂತ ಸುಮ್ನೆ ಒಂದು ವಾರ ನೋಡಿ. ನಮ್ಮನೆಯಲ್ಲಿ ದೊಡ್ಡ ಸೋಫಾ ಇದೆ, ಆದರೆ ಎಲ್ಲರೂ ನೆಲದ ಮೇಲೆ ಕೂತು ಸೋಫಾಕ್ಕೆ ಬೆನ್ನು ಕೊಡುತ್ತಾರೆ. ಅಮ್ಮ ಅವರೇಕಾಯಿ ಬಿಡಿಸುವುದೂ ಅಲ್ಲೇ. ಅಪ್ಪನಿಗೆ ಬೇಕಾದದ್ದು ಕಿಟಕಿ ಪಕ್ಕ ಒಂದು ಗಟ್ಟಿ ಕುರ್ಚಿ, ಕೈ ಊರಿ ಏಳುವುದಕ್ಕೆ ಹಿಡಿ ಇರುವಂಥದ್ದು. ಅಷ್ಟೇ ಅವರ ವ್ಯಕ್ತಿತ್ವ!

ಬಾಡಿಗೆ ಮನೆಯಲ್ಲಿದ್ದು 11 ತಿಂಗಳ ಅಗ್ರಿಮೆಂಟ್ ಮುಗಿಯುತ್ತಿದ್ದಂತೆ ಮನೆ ಬದಲಿಸುವವರಾದರೆ ಬಿಚ್ಚಿ ಜೋಡಿಸಲು ಬರುವುದನ್ನೇ ಕೊಳ್ಳಿ. ಹಾಗೆಯೇ, ವಾರಕ್ಕೊಮ್ಮೆಯೂ ಧೂಳು ಒರೆಸುವ ಅಭ್ಯಾಸ ಇಲ್ಲದವರು ದಯವಿಟ್ಟು ಕೆತ್ತನೆ ಜಾಸ್ತಿ ಇರುವ ಯಾವುದನ್ನೂ ಮುಟ್ಟಬೇಡಿ.

ಹೆಜ್ಜೆ 2: ಅಳತೆ

ಕೋಣೆಯನ್ನು ಎಲ್ಲರೂ ಅಳೆಯುತ್ತಾರೆ. ಲಿಫ್ಟಿನ ಬಾಗಿಲು, ಮೆಟ್ಟಿಲ ತಿರುವು, ಮಲಗುವ ಕೋಣೆಯ ಬಾಗಿಲು, ಇವನ್ನೂ ಅಳೆಯಿರಿ. ಆಮೇಲೆ ಹಳೇ ಪೇಪರ್ ಅಂಟಿಸಿ ವಸ್ತುವಿನಷ್ಟೇ ದೊಡ್ಡ ಹಾಳೆ ಮಾಡಿ ನೆಲದ ಮೇಲೆ ಹಾಸಿ, ಎರಡು ದಿನ ಅದನ್ನು ತುಳಿಯದೆ ಓಡಾಡಿ. ಓಡಾಡಲು ಎರಡೂವರೆ ಅಡಿ ಜಾಗ ಉಳಿಯದಿದ್ದರೆ ಆ ಸೋಫಾ ಬೇಡ.

ಹೆಜ್ಜೆ 3: ಯಾವುದು ಹಳೆಯದು, ಯಾವುದು ಹೊಸದು

ಇದರಲ್ಲಿ ನನ್ನದು ಹಟ. ಮೈಗೆ ತಾಗುವುದು ಹೊಸದಿರಲಿ: ಸೋಫಾ, ಹಾಸಿಗೆ, ಕಂಪ್ಯೂಟರ್ ಮುಂದಿನ ಕುರ್ಚಿ. ಸಾಮಾನು ತುಂಬುವುದು, ಸಾಮಾನು ಇಡುವುದು ಹಳೆಯದಿರಲಿ: ಬೀರು, ಪೆಟ್ಟಿಗೆ, ಮೇಜು, ಬೆಂಚು. ಐವತ್ತು ವರ್ಷದ ತೇಗದ ಹಲಗೆ ಬಾಗುವುದಿದ್ದರೆ ಇಷ್ಟು ಹೊತ್ತಿಗೆ ಬಾಗಿರುತ್ತಿತ್ತು. ಆದರೆ ಐವತ್ತು ವರ್ಷದ ಸೋಫಾದೊಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ತಿಗಣೆಯೂ ಇರಬಹುದು.

ಇದಕ್ಕೆ ಒಂದೇ ಅಪವಾದ ಆರಾಮ ಕುರ್ಚಿ. ಕಾಫಿ ತೋಟದ ಬಂಗಲೆಗಳಲ್ಲಿ ಇರುತ್ತಿತ್ತಲ್ಲ, ಕಾಲು ಚಾಚಲು ಉದ್ದ ಹಿಡಿ ಇರುವ ಬೆತ್ತದ್ದು, ಅದು ಸಿಕ್ಕರೆ ಬಿಡಬೇಡಿ.

ಒಂದು ಕೋಣೆಗೆ ಹಳೆಯದು ಒಂದು, ಹೆಚ್ಚೆಂದರೆ ಎರಡು ಸಾಕು. ಮೂರನೆಯದು ಬಂತೆಂದರೆ ಅದು ಮನೆಯಲ್ಲ, ಹೋಂಸ್ಟೇ.

ಹಳೇ ಮಂಚದ ವಿಷಯಕ್ಕೆ ಒಂದು ಎಚ್ಚರಿಕೆ. ಈಗಿನ ಕ್ವೀನ್ ಹಾಸಿಗೆ ಸಾಮಾನ್ಯವಾಗಿ 78 ಇಂಚು ಉದ್ದ, 60 ಇಂಚು ಅಗಲ. ಅಜ್ಜಿ ಮನೆಯ ಮಂಚ ಆ ಲೆಕ್ಕಕ್ಕೆ ಸಿಗುವುದಿಲ್ಲ. ಹಾಸಿಗೆಯನ್ನು ಅಳತೆ ಕೊಟ್ಟೇ ಮಾಡಿಸಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೆಜ್ಜೆ 4: ಹಳೆಯದನ್ನು ಪರೀಕ್ಷೆ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಬೆಂಗಳೂರಿನ ಶಿವಾಜಿನಗರದ ಗಲ್ಲಿ, ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿ, ಎಲ್ಲಿಗಾದರೂ ಹೋಗಿ, ಆದರೆ ಹಗಲು ಹೊತ್ತಿನಲ್ಲಿ ಹೋಗಿ. ಫೋನಿನ ಟಾರ್ಚ್, ಟೇಪು, ಒಂದು ದಬ್ಬಳ, ಸ್ವಲ್ಪ ಹತ್ತಿ, ಚಿಕ್ಕ ಬಾಟಲಿಯಲ್ಲಿ ಸ್ಪಿರಿಟ್ ಜೊತೆಗಿರಲಿ. ಅಂಗಡಿಯವರು ಹೊರಮೈ ತೋರಿಸುತ್ತಾರೆ. ನೀವು ಬಗ್ಗಿ ಅಡಿ ನೋಡಿ, ಬೆನ್ನು ನೋಡಿ.

ಮೊದಲು ಡ್ರಾಯರನ್ನು ಪೂರ್ತಿ ಎಳೆದು ತಲೆಕೆಳಗು ಮಾಡಿ. ಒಳ್ಳೆಯ ಹಳೇ ಕೆಲಸವಾದರೆ ಮುಂದಿನ ಮೂಲೆಯಲ್ಲಿ ಹಲಗೆಗಳು ಪಾರಿವಾಳದ ಬಾಲದ ಆಕಾರದಲ್ಲಿ ಒಂದರೊಳಗೊಂದು ಕೂತಿರುತ್ತವೆ. ಆ ಬಾಲಗಳು ಒಂದರಂತೆ ಒಂದಿಲ್ಲ, ಸ್ವಲ್ಪ ದೊಡ್ಡದು ಚಿಕ್ಕದು ಅಂದರೆ ಆಚಾರಿ ಕೈಯಲ್ಲಿ ಕೊಯ್ದದ್ದು. ಅಚ್ಚಿನಲ್ಲಿ ಹಾಕಿದ ಹಾಗಿದ್ದರೆ ಮೆಶಿನ್ನಿನದು. ಅಡಿ ಹಲಗೆಯನ್ನು ಬೆರಳಲ್ಲಿ ಸವರಿ. ಕೀಸುಳಿ ಹಾಕಿದ ಮರದಲ್ಲಿ ಸಣ್ಣ ಅಲೆ ಸಿಗುತ್ತದೆ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಅಡಿಭಾಗಕ್ಕೂ ಮೇಲಿನಷ್ಟೇ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಪಡಿ. ಯಾರೂ ನೋಡದ ಜಾಗಕ್ಕೆ ಹಿಂದಿನವರು ಪಾಲಿಶ್ ಖರ್ಚು ಮಾಡುತ್ತಿರಲಿಲ್ಲ.

ಆಮೇಲೆ ಸವೆತ. ಕೈ ತಾಗುವಲ್ಲಿ, ಕಾಲು ಇಡುವಲ್ಲಿ, ಡ್ರಾಯರ್ ಜಾರುವಲ್ಲಿ ಮರ ಸವೆದಿರಬೇಕು. ಕುರ್ಚಿಯ ಮುಂದಿನ ಅಡ್ಡಪಟ್ಟಿಯ ಮಧ್ಯಭಾಗ ತಗ್ಗಾಗಿರುತ್ತದೆ. ನಕಲಿಯಲ್ಲಿ ಎಲ್ಲ ಕಡೆಯೂ ಒಂದೇ ಸಮ ಗಾಯ, ಯಾಕೆಂದರೆ ಅದು ಸರಪಳಿಯಲ್ಲಿ ಹೊಡೆದು ಮಾಡಿದ್ದು.

ದುಂಡು ಮೇಜಿಗೆ ನನಗೆ ತುಂಬ ಇಷ್ಟದ ಪರೀಕ್ಷೆಯೊಂದಿದೆ. ಮರದ ಗೆರೆಯ ಉದ್ದಕ್ಕೆ ಒಮ್ಮೆ, ಗೆರೆಗೆ ಅಡ್ಡವಾಗಿ ಒಮ್ಮೆ ಟೇಪು ಹಿಡಿಯಿರಿ. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ಘನ ಮರದ ಹಳೇ ದುಂಡು ಮೇಜು ಪೂರ್ತಿ ದುಂಡಗಿರುವುದು ಅಪರೂಪ, ಕೆಲವು ಮಿಲಿಮೀಟರ್ ವ್ಯತ್ಯಾಸ ಸಿಗಬೇಕು.

ಸ್ಕ್ರೂ ನೋಡಿ. ತಲೆಯ ಮೇಲೆ ಒಂದೇ ಗೀಟು ಇದ್ದರೆ ಹಳೆಯದಿರಬಹುದು. ಪ್ಲಸ್ ಗುರುತು ಚಾಲ್ತಿಗೆ ಬಂದದ್ದೇ 1930ರ ದಶಕದಲ್ಲಿ. ಒಮ್ಮೆ ಒಬ್ಬ ವ್ಯಾಪಾರಿ, "ಮೇಡಂ, ನೂರೈವತ್ತು ವರ್ಷದ್ದು, ಬ್ರಿಟಿಷರು ಬಿಟ್ಟು ಹೋದದ್ದು" ಅಂದರು. ಬೆನ್ನಿಗೆ ಟಾರ್ಚ್ ಬಿಟ್ಟರೆ ಪ್ಲೈವುಡ್, ಅದಕ್ಕೆ ಪ್ಲಸ್ ಸ್ಕ್ರೂ. "ಇದನ್ನೂ ಅವರೇ ಬಿಟ್ಟು ಹೋದ್ರಾ?" ಅಂದೆ. ಅವರು ನಕ್ಕು ಬೆಲೆ ಅರ್ಧ ಇಳಿಸಿದರು. ತಗೊಳ್ಳಲಿಲ್ಲ.

ಇನ್ನು ಕುಟ್ಟೆ. ಸಾಸಿವೆ ಗಾತ್ರದ ತೂತು ಇದ್ದ ಮಾತ್ರಕ್ಕೆ ಓಡಿಹೋಗಬೇಡಿ. ತೂತಿನೊಳಗೆ ಕಪ್ಪಾಗಿದ್ದರೆ ಹುಳ ಬಿಟ್ಟುಹೋಗಿ ಬಹಳ ಕಾಲವಾಗಿರಬಹುದು. ಒಳಗೆ ತಿಳಿ ಬಣ್ಣ ಇದ್ದು, ತಟ್ಟಿದರೆ ನುಣ್ಣನೆ ಪುಡಿ ಉದುರಿದರೆ ಹುಳ ಇನ್ನೂ ಒಳಗೇ ಇದೆ ಅಂತಲೇ ಲೆಕ್ಕ. ತೂತಿನ ಪಕ್ಕ ದಬ್ಬಳ ಒತ್ತಿ, ಸಲೀಸಾಗಿ ಇಳಿದರೆ ಆ ವ್ಯಾಪಾರ ಅಲ್ಲಿಗೇ ಬಿಡಿ. ತೇಗದಲ್ಲಿ ಕುಟ್ಟೆಗೆ ರುಚಿ ಹೊರಗಿನ ಬಿಳಿ ಭಾಗ, ಒಳಗಿನ ಕೆಚ್ಚನ್ನು ಅದು ಸುಲಭಕ್ಕೆ ಮುಟ್ಟುವುದಿಲ್ಲ. ಗೆದ್ದಲು ಬೇರೆ ಜಾತಿ. ಅದು ಮಣ್ಣಿನ ಗೆರೆ ಎಳೆಯುತ್ತದೆ, ಮರವನ್ನು ಬೆರಳ ಗೆಣ್ಣಿನಲ್ಲಿ ಬಡಿದರೆ ಟೊಳ್ಳು ಸದ್ದು ಬರುತ್ತದೆ.

ಸೀಮೆಎಣ್ಣೆ ಬಳಿದರೆ ಸಾಕು ಅನ್ನುವ ಅಡ್ಡದಾರಿ ಬೇಡ. ಆಳದ ಹುಳಕ್ಕೆ ಏನೂ ಆಗುವುದಿಲ್ಲ, ಮನೆಯೆಲ್ಲ ಮಾತ್ರ ನಾರುತ್ತದೆ. ಮರಕ್ಕೆಂದೇ ಸಿಗುವ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ಒಂದೊಂದೇ ತೂತಿಗೆ ಬಿಟ್ಟು ಮೇಣ ತುಂಬಬೇಕು. ಬೇಜಾರಿನ ಕೆಲಸ, ಆದರೆ ದಾರಿ ಅದೇ.

ಕೊನೆಗೆ ಸ್ಪಿರಿಟ್. ಅಂಗಡಿಯವರನ್ನು ಕೇಳಿ, ಕಾಣದ ಜಾಗದಲ್ಲಿ, ಹತ್ತಿಯಲ್ಲಿ ಅದ್ದಿ ಉಜ್ಜಿ. ಮೇಲ್ಮೈ ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ ಅಂತ ಈಗಲೇ ತಿಳಿದುಕೊಳ್ಳಿ. ಬರೀ ಬಣ್ಣವೇ ಕಿತ್ತು ಬಂದು ಅಡಿಯಲ್ಲಿ ಬಿಳಿ ಮರ ಕಂಡರೆ, ಅದೇ ನಮ್ಮನೆ ಮೇಜು.

ಬೆತ್ತ ಹರಿದಿದೆ, ಕನ್ನಡಿಗೆ ಚುಕ್ಕೆ ಬಿದ್ದಿದೆ, ಕಾಲು ಅಲ್ಲಾಡುತ್ತದೆ, ಇವೆಲ್ಲ ರಿಪೇರಿ ಆಗುತ್ತವೆ. ಬೆಲೆ ಇಳಿಸಲು ನೆಪವೂ ಹೌದು. ಬೀರುವಿನ ಬಾಗಿಲು ಸೊಟ್ಟಗಾಗಿದ್ದರೆ, ಕಾಲು ಕೂಡುವ ಜಾಗದಲ್ಲೇ ಮರ ಸೀಳಿದ್ದರೆ ಬೇಡ.

ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಬೀಟೆ ಪೆಟ್ಟಿಗೆ ಕಳಿಸುವ ಯೋಚನೆ ಇದ್ದರೆ ಪ್ಯಾಕ್ ಮಾಡುವ ಮೊದಲೇ ಕಾಗದಪತ್ರ ವಿಚಾರಿಸಿ. ಬೀಟೆ ಜಾತಿಯ ಮರಗಳೆಲ್ಲ 2017ರಿಂದ ಸೈಟ್ಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಪಟ್ಟಿಯಲ್ಲಿವೆ. ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅಡ್ಡ ಬರಬಹುದು.

ಹೆಜ್ಜೆ 5: ಹೊಸದನ್ನು ನೋಡುವುದು

'ಶೀಶಮ್ ಫಿನಿಶ್' ಅಂದರೆ ಶೀಶಮ್ ಅಲ್ಲ, ಆ ಬಣ್ಣ. 'ಇಂಜಿನಿಯರ್ಡ್ ವುಡ್' ಅಂದರೆ ಬಹಳ ಸಲ ಪುಡಿ ಒತ್ತಿ ಮಾಡಿದ ಹಲಗೆ. ವೈರ್ ಹಾಯಿಸಲು ಕೊರೆದ ತೂತಿನ ಅಂಚು ನೋಡಿ. ಪದರ ಪದರ ಕಂಡರೆ ಪ್ಲೈವುಡ್, ಚೂರು ಚೂರು ಕಂಡರೆ ಪಾರ್ಟಿಕಲ್ ಬೋರ್ಡ್. ಪಾರ್ಟಿಕಲ್ ಬೋರ್ಡನ್ನು ನಾನು ಯಾರಿಗೂ ಹೇಳುವುದಿಲ್ಲ. ನೆಲ ಒರೆಸುವ ನೀರು ಕುಡಿದು ಅಡಿ ಊದಿಕೊಳ್ಳುತ್ತದೆ, ಒಮ್ಮೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ. ಕರಾವಳಿಯ ಮಳೆಗಾಲಕ್ಕಂತೂ ಬೇಡವೇ ಬೇಡ. ಬಡಗಿಯಿಂದ ಮಾಡಿಸುವುದಾದರೆ ನೀರು ತಾಗುವ ಜಾಗಕ್ಕೆ ಐಎಸ್ 710 ಮುದ್ರೆಯ ಮೆರೈನ್ ಪ್ಲೈವುಡ್ ಕೇಳಿ.

ಸೋಫಾ ಮೇಲೆ ಅಂಗಡಿಯಲ್ಲೇ ಹತ್ತು ನಿಮಿಷ ಕೂರಿ, ನಾಚಿಕೆ ಬೇಡ. ಫೋಮ್ 32 ಡೆನ್ಸಿಟಿಗಿಂತ (ಒಂದು ಘನ ಮೀಟರಿಗೆ 32 ಕಿಲೋ ತೂಕ) ಕಡಿಮೆ ಇದ್ದರೆ ಎದ್ದು ಬನ್ನಿ.

ಹೆಜ್ಜೆ 6: ಎರಡನ್ನೂ ಕೂಡಿಸುವುದು

ಬಣ್ಣ ಹೊಂದಬೇಕಾಗಿಲ್ಲ, ಎತ್ತರ ಹೊಂದಬೇಕು. ಊಟದ ಮೇಜು ಸುಮಾರು 30 ಇಂಚು, ಕುರ್ಚಿಯ ಕೂರುವ ಭಾಗ 18 ಇಂಚು. ಹಳೇ ಮೇಜಿಗೆ ಹೊಸ ಕುರ್ಚಿ ತರುವ ಮೊದಲು ಈ ಎರಡನ್ನು ಅಳೆಯದೆ ಹೋದರೆ ಗದ್ದದ ಹತ್ತಿರ ತಟ್ಟೆ ಇಟ್ಟುಕೊಂಡು ಉಣ್ಣಬೇಕಾಗುತ್ತದೆ. ಉಯ್ಯಾಲೆ ಹಾಕುವ ಆಸೆ ಇದ್ದರೆ ಕೊಕ್ಕೆ ಕಾಂಕ್ರೀಟ್ ಸ್ಲ್ಯಾಬಿಗೇ ಹೋಗಬೇಕು, ಫಾಲ್ಸ್ ಸೀಲಿಂಗಿಗಲ್ಲ. ಬೆತ್ತದ ಕುರ್ಚಿ ಜೋತುಬಿದ್ದಿದ್ದರೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ, ಒಂದು ರಾತ್ರಿ ನೆರಳಲ್ಲಿ ಒಣಗಲು ಬಿಡಿ. ಹರಿದಿಲ್ಲದಿದ್ದರೆ ಬಹುಪಾಲು ಬಿಗಿಯಾಗುತ್ತದೆ.

ಹಳೆಯ ವಸ್ತು ಮನೆಗೆ ಬಂದ ದಿನವೇ ಉಳಿದವುಗಳ ಪಕ್ಕ ಇಡಬೇಡಿ. ಬಾಲ್ಕನಿಯಲ್ಲೋ ಖಾಲಿ ಮೂಲೆಯಲ್ಲೋ ನಿಲ್ಲಿಸಿ, ನಾಲ್ಕೂ ಕಾಲಿನ ಅಡಿಗೆ ಪೇಪರ್ ಹಾಸಿ ಎರಡು ವಾರ ಬಿಡಿ. ಈ ಪುರವಣಿಯೇ ಸಾಕು. ದಟ್ಟ ಬಣ್ಣದ ಜಾಹೀರಾತು ಇರುವ ಪುಟ ಮೇಲೆ ಬರಲಿ. ಕುಟ್ಟೆಯ ಪುಡಿ ತಿಳಿ ಬಣ್ಣದ್ದು, ಅದರ ಮೇಲೆ ಬಿದ್ದರೆ ಬೇಗ ಕಾಣುತ್ತದೆ.