ರಾತ್ರಿಯೇ ನೆನೆಹಾಕಿದ ಹುರುಳಿ

ನಾನು ತುಮಕೂರಿನಲ್ಲಿ ಬ್ಯಾಂಕ್ ನೌಕರ. ಮೂರು ವರ್ಷಗಳ ಹಿಂದೆ, ಶಿಕ್ಷಕಿಯಾಗಿರುವ ನನ್ನ ಹೆಂಡತಿಗೆ ದೂರದ ತಾಲ್ಲೂಕಿಗೆ ವರ್ಗವಾದಾಗ ಮನೆಯಲ್ಲಿ ನಾನು ಮತ್ತು ಪಿಯುಸಿ ಓದುತ್ತಿದ್ದ ಮಗ ಇಬ್ಬರೇ ಉಳಿದೆವು. ಬೆಳಿಗ್ಗೆ ದರ್ಶಿನಿಯ ತಿಂಡಿ, ಮಧ್ಯಾಹ್ನ ಕ್ಯಾಂಟೀನ್, ರಾತ್ರಿ ಪಾರ್ಸೆಲ್ ಎಂದು ಎಂಟು ತಿಂಗಳು ಕಳೆದ ಮೇಲೆ ತಲೆಸುತ್ತು ಬಂದು ವೈದ್ಯರ ಬಳಿ ಹೋದೆ. ರಕ್ತದೊತ್ತಡ 152/96 ಇತ್ತು. ಮುಂದಿನ ವಾರ ಮತ್ತೆರಡು ಬಾರಿ ಅಳೆದು ನೋಡಿ ಮಾತ್ರೆ ಬರೆದುಕೊಟ್ಟ ಅವರು ಎರಡು ಪ್ರಶ್ನೆ ಕೇಳಿದರು: ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಕೊನೆಯ ಬಾರಿ ಕೂಗಾಡಿದ್ದು ಯಾವಾಗ? ಎರಡನೆಯದಕ್ಕೆ ನನ್ನ ಉತ್ತರ, ಅದೇ ದಿನ ಬೆಳಿಗ್ಗೆ.

ಮೊದಲು ಧ್ಯಾನವನ್ನು ಪ್ರಯತ್ನಿಸಿದೆ. ಹದಿನೈದು ದಿನ ಬೆಳಗಿನ ಐದಕ್ಕೆ ಎದ್ದು ಚಾಪೆಯ ಮೇಲೆ ಕುಳಿತರೂ ಮನಸ್ಸು ಹಿಂದಿನ ದಿನ ತಾಳೆಯಾಗದ ಲೆಕ್ಕದಲ್ಲೇ ಇರುತ್ತಿತ್ತು. ಅದರಿಂದ ಫಲ ಕಂಡವರು ಬಹಳ ಜನರಿದ್ದಾರೆ, ಆದರೆ ನನ್ನ ಸಿಟ್ಟು ಇದ್ದದ್ದು ಬೇರೆ ಕಡೆ. ಒಂದು ವಾರ ಗಮನಿಸಿದಾಗ, ನಾನು ಮಗನ ಮೇಲೆ ರೇಗುತ್ತಿದ್ದದ್ದು ಹೆಚ್ಚಾಗಿ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯೊಳಗೆ, ಇವತ್ತು ಏನು ತಿನ್ನುವುದು ಎಂಬುದು ಇನ್ನೂ ತೀರ್ಮಾನವಾಗದ ಹೊತ್ತಿನಲ್ಲಿ ಎಂದು ತಿಳಿಯಿತು. ಆ ತೀರ್ಮಾನವನ್ನು ಹಿಂದಿನ ರಾತ್ರಿಗೆ ತಳ್ಳಿದ್ದೇ ನಾನು ಮಾಡಿದ ಮೊದಲ ಬದಲಾವಣೆ. ರಾತ್ರಿ ಊಟವಾದ ಮೇಲೆ ಒಂದು ಪಾವು ಹುರುಳಿಯನ್ನೋ ಹೆಸರುಕಾಳನ್ನೋ ನೀರಿನಲ್ಲಿ ಹಾಕಿಟ್ಟು ಮಲಗಿದರೆ ಮರುದಿನದ ಅಡುಗೆಯ ಅರ್ಧ ಮುಗಿದಂತೆ, ಬೆಳಗಿನ ಜಗಳದ ಕಾರಣವೂ ಅಲ್ಲಿಗೆ ಮುಗಿದಂತೆ.

ಅಡುಗೆ ಕಲಿತದ್ದು ಹಳ್ಳಿಯಲ್ಲಿರುವ ಅಮ್ಮನಿಂದ, ಫೋನಿನಲ್ಲಿ. ಮೊದಲ ದಿನ ಹುರುಳಿಗೆ ಹುಣಸೆಹಣ್ಣನ್ನೂ ಸೇರಿಸಿ ಬೇಯಲು ಇಟ್ಟು, ಮುಕ್ಕಾಲು ಗಂಟೆಯಾದರೂ ಕಾಳು ಮೆತ್ತಗಾಗಲಿಲ್ಲ ಎಂದು ಕರೆ ಮಾಡಿದೆ. "ಕಾಳು ಬೇಯೋ ಮುಂಚೆ ಯಾರಾದ್ರೂ ಹುಳಿ ಹಾಕ್ತಾರೇನಪ್ಪ, ಇನ್ನು ಅದು ನಾಳೆಗೂ ಬೇಯಲ್ಲ" ಎಂದು ಅಮ್ಮ ನಕ್ಕರು. ಹುಳಿಯಿದ್ದ ನೀರಿನಲ್ಲಿ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ ಎಂಬುದನ್ನು ನಾನು ಕಲಿತದ್ದು ಹಾಗೆ. ಈಗ ಹುರುಳಿಯನ್ನು ಹನ್ನೆರಡು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಇನ್ನೊಂದು ದಿನ ಬಿಟ್ಟು, ಮೊಳಕೆ ಬಂದ ಮೇಲೆ ಬೇಯಿಸಿ, ಕಟ್ಟನ್ನು ಬಸಿದು ಸಾರಿಗೆ ಇಟ್ಟುಕೊಂಡು ಕಾಳಿಗೆ ಒಗ್ಗರಣೆ ಹಾಕುತ್ತೇನೆ. ಚಳಿಗಾಲದಲ್ಲಿ ಮೊಳಕೆಗೆ ಒಂದೂವರೆ ದಿನವಾದರೂ ಬೇಕು.

ಮುದ್ದೆ ಕಲಿಯಲು ಎರಡು ತಿಂಗಳು ಹಿಡಿಯಿತು. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು, ಅದರಲ್ಲಿ ಮೊದಲು ಒಂದು ಚಮಚ ಹಿಟ್ಟನ್ನು ಕದಡಿ ಕುದಿಸಿದ ಗಂಜಿ, ಅದರ ನಡುವೆ ಗುಡ್ಡೆಯಾಗಿ ಸುರಿದ ಉಳಿದ ಹಿಟ್ಟು: ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಬಹುದು. ಆಮೇಲೆ ಉರಿ ತಗ್ಗಿಸಿ, ಗುಡ್ಡೆಯನ್ನು ಮುಟ್ಟದೆ ಐದಾರು ನಿಮಿಷ ಸುಮ್ಮನೆ ನಿಲ್ಲಬೇಕು. ನನ್ನಿಂದ ಆಗದಿದ್ದದ್ದು ಅದೇ. ಕೈ ತಾನಾಗಿ ಕೋಲನ್ನು ಹುಡುಕುತ್ತಿತ್ತು, ಬೇಗ ತಿರುವಿದರೆ ಗಂಟು, ಗಂಟಿನೊಳಗೆ ಹಸಿ ಹಿಟ್ಟು. ಆ ಐದು ನಿಮಿಷಕ್ಕಾಗಿಯೇ ಫೋನನ್ನು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಟ್ಟು ಬರತೊಡಗಿದೆ. ಈಗ ಕುದಿಯುವ ಗಂಜಿ ಹಿಟ್ಟಿನ ಅಂಚಿನಲ್ಲಿ ಗುಳ್ಳೆಯೊಡೆಯುವ ಸದ್ದನ್ನು ಕೇಳುತ್ತಾ ನಿಲ್ಲುತ್ತೇನೆ. ಚಾಪೆಯ ಮೇಲೆ ಕುಳಿತಾಗ ಸಿಗದ ಒಂದು ಬಗೆಯ ನಿರಾಳ ಅಲ್ಲಿ ಸಿಗುತ್ತದೆ, ಬಹುಶಃ ಕೈಗೆ ಮುಂದಿನ ಕೆಲಸ ಗೊತ್ತಿರುವುದರಿಂದ. ಮುದ್ದೆ ತಿಂದರೆ ಸಕ್ಕರೆ ಕಾಯಿಲೆ ಬರುವುದಿಲ್ಲ ಎಂಬ ನಮ್ಮ ಕಡೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಸುಣ್ಣದಂಶವಿದೆ, ಅಕ್ಕಿಗಿಂತ ನಾರು ಹೆಚ್ಚು, ಆದರೆ ಮುದ್ದೆಯೂ ಪಿಷ್ಟವೇ. ಹೊಲದಲ್ಲಿ ದುಡಿಯುವ ಅಪ್ಪ ಎರಡು ಮುದ್ದೆ ಉಣ್ಣುತ್ತಿದ್ದರು. ಕುರ್ಚಿಯಲ್ಲಿ ಕೂರುವ ನನಗೆ ಒಂದು ಸಣ್ಣದು ಸಾಕು.

ಉಪ್ಪಿನ ವಿಷಯದಲ್ಲಿ ಗುಮಾಸ್ತನ ಬುದ್ಧಿ ಉಪಯೋಗಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅಂದರೆ ಇಬ್ಬರಿರುವ ಮನೆಯಲ್ಲಿ ಒಂದು ಕಿಲೋ ಪೊಟ್ಟಣ ಕನಿಷ್ಠ 100 ದಿನ ಬರಬೇಕು. ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದೆ. ಮೊದಲನೆಯದು 46 ದಿನಕ್ಕೆ ಮುಗಿಯಿತು, ಉಪ್ಪಿನಕಾಯಿ ಮತ್ತು ಹಪ್ಪಳದ ಉಪ್ಪು ಈ ಲೆಕ್ಕದ ಹೊರಗೆ. ಸಹೋದ್ಯೋಗಿಯೊಬ್ಬರು ಇಂದುಪ್ಪು ಬಳಸಿ ಎಂದರು, ಆದರೆ ಅದರಲ್ಲೂ ಇರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್, ಅಯೋಡಿನ್ ಸೇರಿಸದಿದ್ದರೆ ಅದೊಂದು ನಷ್ಟ ಬೇರೆ. ನನಗೆ ನೆರವಾದದ್ದು ಹುಳಿ. ಶಿರಸಿ ಕಡೆಯವರಾದ ಪಕ್ಕದ ಮನೆಯ ಅಕ್ಕ ದೊಡ್ಡಪತ್ರೆ ತಂಬುಳಿ ಹೇಳಿಕೊಟ್ಟರು: ಎಂಟು ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸುವುದು. ಮಜ್ಜಿಗೆಯ ಹುಳಿ, ಮೆಣಸಿನ ಖಾರ ಇದ್ದಲ್ಲಿ ಉಪ್ಪು ಅರ್ಧಕ್ಕೆ ಇಳಿದರೂ ನಾಲಿಗೆ ತಕರಾರು ಮಾಡುವುದಿಲ್ಲ. ಮುದ್ದೆಗಂತೂ ಉಪ್ಪೇ ಬೇಡ. ಮೂರು ವಾರ ಸಪ್ಪೆಯೆನಿಸಿದ್ದು ಆಮೇಲೆ ಸರಿಯೆನಿಸಿತು, ಹೋಟೆಲಿನ ಸಾಂಬಾರು ಉಪ್ಪಾಗಿ ಕಾಣತೊಡಗಿತು.

ನಾನು ಎಣಿಸಿರದಿದ್ದ ಲಾಭವೊಂದು ಸೊಪ್ಪಿನಿಂದ ಬಂತು. ಬಸ್ಸಾರಿಗೆಂದು ತರುವ ಬೆರಕೆ ಸೊಪ್ಪನ್ನು ಸೋಸಲು ಅರ್ಧ ಗಂಟೆಯಾದರೂ ಬೇಕು, ಹಾಗಾಗಿ ರಾತ್ರಿ ಹಳೆಯ ಪತ್ರಿಕೆ ಹಾಸಿ ಮಗನನ್ನೂ ಕೂರಿಸಿಕೊಳ್ಳುತ್ತಿದ್ದೆ. ಎದುರೆದುರು ಕೂತು "ಹೇಗೆ ಓದುತ್ತಿದ್ದೀಯ" ಎಂದು ಕೇಳಿದರೆ ಬಾಯಿ ಬಿಡದ ಹುಡುಗ, ಕಣ್ಣು ದಂಟಿನ ಮೇಲಿದ್ದಾಗ ತಾನಾಗಿಯೇ ಮಾತನಾಡುತ್ತಿದ್ದ. ಭೌತಶಾಸ್ತ್ರ ತನಗೆ ಅರ್ಥವಾಗುತ್ತಿಲ್ಲ, ಹೇಳಿದರೆ ನಾನು ಕೂಗುತ್ತೇನೆಂದು ಹೇಳಿರಲಿಲ್ಲ ಎಂದದ್ದು ಅಂಥ ಒಂದು ರಾತ್ರಿ. ಕೈಯಲ್ಲಿ ಸೊಪ್ಪಿರದಿದ್ದರೆ ಅಂದೂ ಕೂಗುತ್ತಿದ್ದೆನೋ ಏನೋ. ಕೀರೆಯ ಕಡ್ಡಿ ಮುರಿಯುತ್ತಾ, ಟ್ಯೂಷನ್ ಬೇಕೇ ಎಂದಷ್ಟೇ ಕೇಳಿದೆ.

ಎಲ್ಲ ದಿನವೂ ಹೀಗೆ ನಡೆಯುವುದಿಲ್ಲ. ಮಾರ್ಚ್ ಕೊನೆಯ ವಾರ ಬ್ಯಾಂಕಿನಿಂದ ಮನೆಗೆ ಬರುವುದೇ ರಾತ್ರಿ ಹತ್ತಕ್ಕೆ, ಆಗ ಪಾರ್ಸೆಲ್ ಬರುತ್ತದೆ, ಬೆಳಿಗ್ಗೆ ಸಿಟ್ಟೂ ಬರುತ್ತದೆ. ಮಾತ್ರೆಯನ್ನು ನಾನು ನಿಲ್ಲಿಸಿಲ್ಲ. ವೈದ್ಯರು ಪ್ರಮಾಣವನ್ನು ಒಮ್ಮೆ ಇಳಿಸಿದ್ದಾರೆ, ಕಳೆದ ತಿಂಗಳು ಅಳತೆ 132/84 ಇತ್ತು. ಹೆಂಡತಿ ವಾರಾಂತ್ಯಕ್ಕೆ ಬಂದಾಗ ಸಾರಿಗೆ ಉಪ್ಪು ಸಾಲದು ಎನ್ನುತ್ತಾಳೆ, ಅವಳ ಬಟ್ಟಲಿಗೆ ಮಾತ್ರ ಬೇರೆಯಾಗಿ ಹಾಕಿಕೊಡುತ್ತೇವೆ. ಈಗಿನ ಉಪ್ಪಿನ ಪೊಟ್ಟಣಕ್ಕೆ 81ನೇ ದಿನ, ತಳದಲ್ಲಿ ಇನ್ನೂ ಎರಡು ಹಿಡಿಯಷ್ಟಿದೆ.