'ಶಕಿತ' ಅಂತಿದ್ದೋನು 'ಶಕ್ತಿ' ಅಂತ ಓದಿದ್ದು: ನನ್ನ ಅನುಭವ

ಮೂರನೇ ಕ್ಲಾಸಿಗೆ ಬಂದ್ರೂ ಓದೋಕೆ ತಡವರಿಸೋ ಮಕ್ಕಳು ನನ್ನ ಹತ್ರ ಹನ್ನೊಂದೋ ಹನ್ನೆರಡೋ ಇದ್ರು. 'ಇವ್ರಿಗೆ ಆಗಲ್ಲ ಬಿಡಿ ಮೇಡಂ, ಸುಮ್ನೆ ಯಾಕೆ ತಲೆ ಕೆಡಿಸ್ಕೊತೀರಾ' ಅಂತ ಸ್ಟಾಫ್ ರೂಮಲ್ಲಿ ಹೇಳದೇ ಇದ್ದೋರಿಲ್ಲ. ಈಗ ಅದ್ರಲ್ಲಿ ಎಂಟು ಮಕ್ಕಳು ಹಿಂದೆ ಕಂಡೇ ಇರದ ಪದನೂ ಬಿಡಿಸಿ ಓದ್ತಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ದುಡ್ಡು ಕಳ್ಕೊಂಡ ಕಥೆ. ಫ್ಲ್ಯಾಶ್ ಕಾರ್ಡು, ಚಿತ್ರದ ಪುಸ್ತಕ, ಗೋಡೆ ಚಾರ್ಟು ಎಲ್ಲಾ ನನ್ನ ಕೈಯಿಂದ್ಲೇ ತಂದೆ, ಎರಡು ವರ್ಷದಲ್ಲಿ ಹೆಚ್ಚುಕಮ್ಮಿ ಅರ್ಧ ತಿಂಗಳ ಸಂಬಳ ಹೋಗಿರ್ಬೇಕು. ಚಿತ್ರ ನೋಡ್ಕೊಂಡು 'ಹಕ್ಕಿ' ಅಂತ ಪಟ್ ಅಂತ ಹೇಳೋರು, ಚಿತ್ರ ಮುಚ್ಚಿದ್ರೆ ಬಾಯೂ ಮುಚ್ಚೋರು. ಕಾಗುಣಿತ ಬಾಯಿಪಾಠದ್ದೂ ಅದೇ ಹಣೆಬರಹ, ಕ ಕಾ ಕಿ ಕೀ ರಾಗವಾಗಿ ಬರುತ್ತೆ, ಬರೀ 'ಕೇ' ತೋರಿಸಿದ್ರೆ ಮತ್ತೆ 'ಕ'ದಿಂದ ಶುರು ಮಾಡ್ಕೊಂಡೇ ಬರ್ಬೇಕು.

ಒಂದಿನ ಒಬ್ಬ ಹುಡುಗ 'ಶಕ್ತಿ'ನ 'ಶಕಿತ' ಅಂತ ಓದ್ದ. ಬೈಯೋಕೆ ಹೋದವ್ಳು ಸುಮ್ನಾದೆ, ಯಾಕಂದ್ರೆ ಅವನು ಕಣ್ಣಿಗೆ ಕಂಡಿದ್ದನ್ನೇ ಓದಿದ್ದ! ಗುಡಿಸು ಕೂತಿರೋದು ಮೇಲಿನ ಕ-ಗೆ, ಉಚ್ಚಾರದಲ್ಲಿ ಅದು ಸೇರೋದು ಕೆಳಗಿನ ತ-ಗೆ. ಇದನ್ನ ನಾವ್ಯಾರೂ ಅವನಿಗೆ ಹೇಳೇ ಇರ್ಲಿಲ್ಲ.

ಹಳೇ ನೋಟ್‌ಬುಕ್ ರಟ್ಟು ಕತ್ತರಿಸಿ ಒಂದು ಪಟ್ಟಿ, ಜೊತೆಗೆ ಬಿಡಿ ಗುಡಿಸು, ಕೊಂಬು, ಏತ್ವದ ತುಂಡು ಮಾಡ್ದೆ, ಖರ್ಚು ಸೊನ್ನೆ. ಪಟ್ಟಿಯಿಂದ ಒತ್ತು ಮುಚ್ಚಿ ಮೇಲಿನ ಅಕ್ಷರನ ಅರ್ಧಕ್ಕೆ ನಿಲ್ಸೋದು, 'ಶ... ಕ್'. ಆಮೇಲೆ ಪಟ್ಟಿ ಸರಿಸಿ, ಮಗುನೇ ಗುಡಿಸಿನ ತುಂಡನ್ನ ಕ ಮೇಲಿಂದ ಎತ್ತಿ ಕೆಳಗಿನ ತ ಪಕ್ಕ ಇಡ್ಬೇಕು, 'ತಿ'. ದಿನಕ್ಕೆ ಹತ್ತು ನಿಮಿಷ ಅಷ್ಟೇ. ಮೊದಲ ಮೂರು ವಾರ ಏನೂ ಆಗ್ಲಿಲ್ಲ, ಬಿಟ್ಟೇ ಬಿಡೋಣ ಅನ್ಸಿತ್ತು, ಐದೋ ಆರೋ ವಾರಕ್ಕೆ ಅದೇ ಹುಡುಗ ತುಂಡು ಮುಟ್ಟದೇ 'ಬುದ್ಧಿ', 'ದೃಷ್ಟಿ' ಎರಡೂ ಓದ್ಬಿಟ್ಟ.

ಊಹೆ ಮಾಡಿ ಹೇಳ್ತಾರಾ ಅಂತ ನೋಡೋಕೆ 'ಟಸ್ಮಿ', 'ಗಪ್ನೆ' ಅಂತ ಅರ್ಥವಿಲ್ಲದ ಪದ ಕೊಟ್ಟೆ, ಅದಂತೂ ಅವ್ರಿಗೆ ಆಟ ಆಗೋಯ್ತು. ಒತ್ತುಗಳಲ್ಲಿ ತ, ನ, ಮ, ಯ, ರ, ಲ ಈ ಆರು ಮೂಲ ಅಕ್ಷರದ ಥರ ಕಾಣಲ್ಲ ಅಲ್ವಾ, ಅವನ್ನ ಬೇರೆಯಾಗೇ ಕಲಿಸ್ದೆ. ಒತ್ತಿಗೆ ಬಣ್ಣ ಹಚ್ಚಿ ನೋಡಿದ್ದೂ ಉಂಟು, ಕಪ್ಪು ಅಕ್ಷರ ಬಂದ ತಕ್ಷಣ ಮತ್ತೆ ಅದೇ ಕಥೆ. ಯಾವ ಪದ ಆದ್ಮೇಲೆ ಯಾವ ಪದ ಕೊಡ್ಬೇಕು ಅನ್ನೋ ನನ್ನ ಲಿಸ್ಟ್ ಮಾತ್ರ ಇಲ್ಲಿ ಹಾಕಲ್ಲ, ಅದಕ್ಕೆ ಎರಡು ವರ್ಷ ಹಿಡಿದಿದೆ.

ಅರ್ಕಾವತ್ತು, ಅಂದ್ರೆ ಅಕ್ಷರ ಆದ್ಮೇಲೆ ಬರೆದು ಅದಕ್ಕಿಂತ ಮೊದ್ಲೇ ಹೇಳೋ 'ರ್' ಗುರುತು, ಇನ್ನೂ ಪೂರ್ತಿ ಬಗ್ಗಿಲ್ಲ. 'ಕರ್ಮ'ಕ್ಕೆ 'ಕಮ್ರ' ಅಂತಾರೆ, ಅಲ್ಲೂ ತುಂಡು ಎತ್ತಿ ಹಿಂದಕ್ಕೆ ಇಡ್ಸಿ ನೋಡ್ತಿದೀನಿ, ನಾಲ್ಕು ಮಕ್ಕಳಿಗೆ ಹತ್ತಿದೆ.